ಕೊನೆಯ ಎರಡು ಟಿಕ್ಕು

ಡಾಕ್ಟರರ ಪೆನ್ನಿನ ಮೊನೆ ಇಂಜೆಕ್ಷನ್ನಿನ ಹಳದಿ ಕಾರ್ಡಿನ ಮೇಲೆ, ಆಗಲೇ ಬಿದ್ದ ಗುರುತುಗಳನ್ನು ಎಣಿಸುತ್ತ, ಸಾಲು ಸಾಲಾಗಿ ಇಳಿಯುತ್ತಿದೆ, ಮಾರ್ಚಿಗೊಂದು ಟಿಕ್ಕು, ಜೂನಿಗೊಂದು, ಸೆಪ್ಟೆಂಬರಿಗೊಂದು, ಡಿಸೆಂಬರಿಗೊಂದು — ಕೊನೆಯ ಎರಡರ ಬಾಲ ಮಾತ್ರ ಒಂದಿಷ್ಟು ಉದ್ದ, ಮೂವತ್ತೊಂದು ವರ್ಷ ಕಾಲುವೆಯ ಲಸ್ಕರನಾಗಿ ನೀರಿನ ಮಟ್ಟದ ಗೇಜು ಪುಸ್ತಕ ತುಂಬಿದ ಕೈ, ಮರಿಲಿಂಗಪ್ಪನಿಗೆ ಅದು ಮೇಜಿನ ಈಚೆಯಿಂದಲೇ ಗುರುತು ಸಿಗುತ್ತದೆ, ಈ ಜಲಾಲುದ್ದೀನ ಡಾಕ್ಟರರಿಗೆ ಸಿಗದಿದ್ದರೆ ಸಾಕು, ಹೈದರಾಬಾದಿನಿಂದ ತಿಂಗಳಿಗೊಮ್ಮೆ ಯಾದಗಿರಿಗೆ ಬರುವ ದೊಡ್ಡ ಡಾಕ್ಟರು, ಅವರಿಗೆ ಮೂರು ತಿಂಗಳು ಮೊದಲೇ ಹೆಸರು ಬರೆಸಿದವಳು ಹೆಂಡತಿ ಸುಂದ್ರಮ್ಮ, ಶಹಾಪುರದ ದವಾಖಾನಿಯವ್ರು ಕೀಮೋ ಅಂತಾರ, ಇವ್ರ ಬಾಯಿಂದೂ ಒಂದು ಮಾತು ಕೇಳೂಣು ನಡೀರಿ ಎಂದು ಹೊರಡಿಸಿಕೊಂಡು ಬಂದವಳೂ ಅವಳೇ, ಊರಿನವರಿಗೆ ಮಾತ್ರ ಮೂತ್ರದ ಹರಳು ಎಂದು ಹೇಳಿಯಾಗಿದೆ, ಪ್ರೋಸ್ಟೇಟ್ ಕ್ಯಾನ್ಸರ್ ಎಂದರೆ ಅದು ಎಲ್ಲಿರ್ತದ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬೆರಳು ಮಾಡಿ ತೋರಿಸುವ ಜಾಗವೇ ಅದು? ನೋಡ್ರಿ ಲಸ್ಕರ್ ಸಾಹೇಬ್ರ, ಡಾಕ್ಟರು ಹೇಳುತ್ತಿದ್ದಾರೆ, ಹೋದ ವರ್ಷ ರಕ್ತದಾಗ ಪಿಎಸ್‌ಎ, ಈ ರೋಗದ ಅಳತಿ, ನಾಲ್ಕಿತ್ತು, ಈಗ ನಲವತ್ತೆರಡು, ಇಂಜೆಕ್ಷನ್ ನೋಡಿದ್ರ ಎಲ್ಲಾ ಟೈಮಿಗೆ ಆಗ್ಯಾವ — ಟೈಮಿಗೆ, ಹೌದು, ನಾರಾಯಣಪುರ ಕಾಲುವೆಯ ಕ್ವಾರ್ಟರ್ಸಿನ ಹೊರಸಿನ ಮೇಲೆ ಕೂತು ಬರೆದ ನೀರೂ ಟೈಮಿಗೇ ಹರಿಯುತ್ತಿತ್ತು, ದಿನಾ ಬೆಳಗ್ಗೆ ದೇವಾಪುರದ ಆಚೆಯ ಕೊನೆಯ ಗೇಜು ನೋಡಿ ಬರೆಯಬೇಕಾದ್ದು, ಸೈಕಲ್ ಪಂಕ್ಚರ್ ಆದ ದಿನ ಶುರುವಾಯಿತು, ಪಂಕ್ಚರ್ ತಿದ್ದಿಸಿದ ಮೇಲೂ ನಿಲ್ಲಲಿಲ್ಲ, ಎರಡೂವರೆ ಫೂಟು, ಎರಡೂವರೆ ಫೂಟು, ಅಧಿಕಾರಿಗಳೂ ಸಹಿ ಹಾಕಿ ಸಂತೋಷವಾಗಿದ್ದರು, ಕಾಲುವೆಯ ಕೊನೆಯ ಹೊಲದ ಬಾಲಮ್ಮ ಒಬ್ಬಳೇ ಸಲಿಕೆ ಹಿಡಿದು ಕ್ವಾರ್ಟರ್ಸಿಗೆ ಬಂದು, ಲಸ್ಕರಣ್ಣಾ, ನಿನ್ನ ಬುಕ್ಕಿನ್ಯಾಗ ನೀರು ಹರಿಯಾಕತ್ಯಾವ, ನಾ ಶೇಂಗಾ ಅಲ್ಲೇ ಬಿತ್ತಲೇನೋ, ಎಂದು ರೆಟ್ಟೆ ಹಿಡಿದು ಎಳೆದೊಯ್ದು ತೋರಿಸಿದ್ದು, ಕಾಲುವೆಯ ಒಣ ಗೋಡೆಯ ಮೇಲೆ ಬಳಿದ ಗೇಜು, ಎರಡೂವರೆಯ ಗೆರೆಯ ಮೇಲೆ ಬಿಸಿಲು ಕಾಯುತ್ತಿದ್ದ ಹಲ್ಲಿ —

ಮತ್ತೆ ಮೈಯೆಲ್ಲ ಕಾದು ಬೆವರುತ್ತಿದೆ, ಸುಂದ್ರಮ್ಮ ಸೆರಗಿನಿಂದ ಗಾಳಿ ಹಾಕುತ್ತಾಳೆ, ಮುಟ್ಟು ನಿಂತ ವರ್ಷ ಅವಳಿಗೂ ಹೀಗೇ ಆಗಿತ್ತು, ಇಂಜೆಕ್ಷನ್ನಿನ ಗುಣವಂತೆ ಇದು, ಬೆವರನ್ನಾದರೂ ಬಿಸಿಲಿನ ಮೇಲೆ ಹಾಕಬಹುದು, ಅದೇ ಇಂಜೆಕ್ಷನ್ನಿಗೆ ಹೆಂಗಸರಂತೆ ಉಬ್ಬಿದ ಎದೆಯನ್ನು? ಅಂಗಿ ಹೊಲಿಸಲು ಹೋದಾಗ ದರ್ಜಿ ಚಾಂದಪಾಶಾ ಟೇಪು ಸುತ್ತಿ, ಮೂರು ಮಂದಿ ಚಹಾ ಕುಡಿಯುತ್ತಿದ್ದಾಗಲೇ, ಲಸ್ಕರಣ್ಣ, ಎದಿ ಎರಡಿಂಚು ಹೆಚ್ಚಾಗ್ಯಾದಲ್ಲ, ಅತ್ತಿಗಿ ಹಾಲು ತುಪ್ಪ ಜೋರು ಹಾಕಾಕತ್ತಾಳೇನು ಎಂದ, ಎಲ್ಲರೂ ನಕ್ಕರು, ಮರಿಲಿಂಗಪ್ಪನೂ ನಕ್ಕ, ಸೆಪ್ಟೆಂಬರಿನಲ್ಲಿ ಇಂಜೆಕ್ಷನ್ನಿಗೆಂದು ಶಹಾಪುರದ ಬಸ್ ಹತ್ತಿದ, ಇಳಿದ, ದವಾಖಾನೆಯ ಕಡೆ ಹೋಗಲಿಲ್ಲ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಮಿರ್ಚಿಭಜಿ ತಿಂದ, ಪೆನ್ನು ತೆಗೆದ, ಡಿಸೆಂಬರಿನಲ್ಲೂ ಅದೇ ಬೆಂಚು, ಅದೇ ಪೆನ್ನು — ಅಂದ್ರ ಆ ಔಷಧ ಈಗ ನಿಮಗ ಹತ್ತವಲ್ದು, ಡಾಕ್ಟರು ಹೊಸ ಚೀಟಿ ಎಳೆದುಕೊಳ್ಳುತ್ತಿದ್ದಾರೆ, ಶಹಾಪುರದವ್ರು ಹೇಳಿದ್ದು ಬರಾಬರ್ ಅದ, ಕೀಮೋನೇ, ಭಾರೀ ಔಷಧ, ಮೈ ಹಣ್ಣು ಮಾಡ್ತದ, ಅದಕ್ಕ ಕೇಳಾಕತ್ತೀನಿ, ಒಂದಾದ್ರೂ ತಪ್ಪಿತ್ತೇನು ನಡುವ? ತಪ್ಪಿದ್ರ ಮಾತೇ ಬ್ಯಾರೆ, ಮದ್ಲಿಂದೇ ಇಂಜೆಕ್ಷನ್ ಮತ್ತ ಕೊಟ್ಟು ನೋಡಬಹುದು. ಸುಂದ್ರಮ್ಮನೇ ಮುಂದೆ ಬಾಗುತ್ತಾಳೆ, ಒಂದೂ ತಪ್ಪಿಲ್ರಿ ಡಾಕ್ಟರೇ, ಪ್ರತಿ ಸಲ ನಾನೇ ರೊಟ್ಟಿ ಕಟ್ಟಿ ಬಸ್ ಹತ್ತಿಸೀನಿ, ಕಾರ್ಡ್ ನೋಡ್ರಿ ಬೇಕಾದ್ರ — ಆ ರೊಟ್ಟಿ ಬೆಂಚಿನ ಕೆಳಗಿನ ನಾಯಿ ತಿಂದಿತ್ತು — ಪೆನ್ನು ಚೀಟಿಯ ಮೇಲೆ ಕೂತಿತು, ಹೊಸ ಔಷಧದ ಮೊದಲ ಅಕ್ಷರ ಮೂಡಿತು, ಆ ಎರಡು ನಾನೇ ಬರದದ್ದುರಿ, ಯಾರದೋ ದನಿ, ತನ್ನದೇ, ಕೊನೀ ಎರಡು, ನಾ ಹೋಗೇ ಇಲ್ರಿ. ಸುಂದ್ರಮ್ಮನ ಸೆರಗು ಗಾಳಿ ಹಾಕುವುದನ್ನು ನಿಲ್ಲಿಸಿದೆ, ಅವಳು ತಿರುಗಿ ನೋಡುತ್ತಾಳೆ, ಬೈಯುವುದಿಲ್ಲ, ಬಾಲಮ್ಮನೂ ಅಂದು ಅಲ್ಲಿಗೆ ಮುಟ್ಟಿದ ಮೇಲೆ ಬೈದಿರಲಿಲ್ಲ, ಸಲಿಕೆಯ ತುದಿಯಿಂದ ಬರೀ ತೋರಿಸಿದ್ದಳು, ಒಣ ಗೋಡೆ, ಎರಡೂವರೆಯ ಗೆರೆ, ಗೆರೆಯ ಮೇಲೆ ಹಲ್ಲಿ, ಅಲ್ಲಾಡದ ಹಲ್ಲಿ.