ಮಗನ ಪಾತ್ರ

“ನಾನು ಕುಡಿಯಲ್ಲಪ್ಪ. ನನ್ನ ಮೇಲೆ ನಂಬಿಕೆ ಇಲ್ವಾ ನಿಮಗೆ?” ಎಂದು ಅವನು ತನಗಿಂತ ಚಿಕ್ಕವನಾದ ಟೈಲ್ಸ್ ಅಂಗಡಿಯವನನ್ನು ಕೇಳಿದ.

ಅಂಗಡಿಯವನು ಪೆಚ್ಚಾದ. ತುಟಿ ಒದ್ದೆ ಮಾಡಿಕೊಂಡು ಸಭೆಯ ಕಡೆ ಒಮ್ಮೆ ನೋಡಿ, “ಇದೆಯಪ್ಪ, ನಂಬಿಕೆ ಇಲ್ದೆ ಏನು” ಎಂದ. ಸಭೆ ನಕ್ಕಿತು.

“ನೋಡಿ, ಸೋತ್ರಿ.” ಅವನು ಕುರ್ಚಿಯಿಂದೆದ್ದು ಮತ್ತೆ ಕಾಲೇಜಿನ ಆಪ್ತ ಸಮಾಲೋಚಕನಾದ. “ಮಗ ನಂಬಿಕೆಯ ಮಾತೆತ್ತಿದ. ನೀವು ಕುಡಿತದ ಮಾತು ಕೈಬಿಟ್ರಿ. ಅಪ್ಪಂದಿರೆಲ್ಲ ಜಾರೋದು ಇಲ್ಲೇ.”

ಈ ತಾಲೀಮು ಅವನದೇ ಕಲ್ಪನೆ. ಹೊಸದಾಗಿ ಹಾಸ್ಟೆಲ್ ಸೇರುವ ಹುಡುಗರು ಮೊದಲ ಕೆಲವು ವಾರಗಳಲ್ಲೇ ಕುಡಿತಕ್ಕೆ ಬೀಳುತ್ತಾರೆ. ಅದಕ್ಕೆ ಮುಂಚೆ ತಂದೆಯೋ ತಾಯಿಯೋ ಒಮ್ಮೆ ಬಿಚ್ಚುಮನಸ್ಸಿನಿಂದ ಮಾತಾಡಿದ್ದರೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಇದನ್ನು ಅವನು ಓದಿದ್ದ, ಓದಿದ್ದನ್ನು ನಂಬಿಯೂ ಇದ್ದ. ಆದರೆ ಅಪ್ಪ ಅಮ್ಮಂದಿರಿಗೆ ಬರುತ್ತಿದ್ದದ್ದು ಎರಡೇ: ಭಾಷಣ ಮತ್ತು ಬೈಗುಳ. ಆದ್ದರಿಂದ ವೇದಿಕೆಯ ಮೇಲೆ ಎದುರುಬದುರು ಎರಡು ಕುರ್ಚಿ ಹಾಕಿಸಿದ. ಒಂದರಲ್ಲಿ ಪೋಷಕರು. ಇನ್ನೊಂದರಲ್ಲಿ ಮಗನ ಪಾತ್ರದಲ್ಲಿ ಅವನೇ.

ಪಾತ್ರ ಅವನಿಗೆ ಚೆನ್ನಾಗಿ ಒಗ್ಗಿತ್ತು. ಕುರ್ಚಿಯಲ್ಲಿ ಕೂರುತ್ತಲೇ ಬೆನ್ನು ಬಾಗುತ್ತಿತ್ತು, ಕಣ್ಣು ನೆಲ ಹುಡುಕುತ್ತಿತ್ತು. ಹುಡುಗರ ಉತ್ತರಗಳೆಲ್ಲ ಬಾಯಿಪಾಠ: ‘ಎಲ್ಲರೂ ಹಾಗಿರಲ್ಲ’, ‘ಆಮೇಲೆ ಮಾತಾಡೋಣ’, ಯಾವುದೂ ನಡೆಯದಿದ್ದರೆ ‘ಗೊತ್ತು ಬಿಡಿ’. ಈ ಕೊನೆಯದನ್ನು ಅವನು ಬಾಗಿಲು ಹಾಕುವ ಮಾತು ಎಂದು ಕರೆಯುತ್ತಿದ್ದ. “ಮಗ ಬಾಗಿಲು ಹಾಕಬಹುದು, ನೀವು ಮಾತ್ರ ಹಾಕಬೇಡಿ. ಅವನು ಬಾಯಿ ಬಿಟ್ಟಾಗ ಸುಮ್ಮನಿರಿ. ಅಷ್ಟೇ ಕೆಲಸ” ಎಂದು ಬೆಳಗಿನಿಂದ ಹೇಳುತ್ತಿದ್ದ.

ಅಂಗಡಿಯವನ ನಂತರ ಒಬ್ಬ ನರ್ಸ್ ಬಂದಳು. ಪಾಳಿ ಮುಗಿಸಿ ನೇರ ಬಂದವಳ ಕಣ್ಣಲ್ಲಿ ನಿದ್ದೆಯಿತ್ತು. ಅವನನ್ನು ನೋಡಿದಳು. “ಊಟ ಆಯ್ತೇನೋ?” ಎಂದಳು.

ಸಭೆ ಮತ್ತೆ ನಕ್ಕಿತು. ಅವಳು ನಗಲಿಲ್ಲ.

“ನೀನು ಕುಡೀತೀಯೋ ಇಲ್ವೋ ನಂಗೆ ಗೊತ್ತಿಲ್ಲ. ಕುಡಿದು ಎಲ್ಲಾದ್ರೂ ಬಿದ್ರೆ ಎತ್ತೋರು ಯಾರು ಅಂತ, ಅದೊಂದೇ ಯೋಚನೆ ಕಣೋ ನಂಗೆ.”

ಅವನು ಉತ್ತರ ಹೇಳಬೇಕಿತ್ತು. ಅವನನ್ನು ಯಾರಾದರೂ ‘ಕಣೋ’ ಎಂದು ಮಾತಾಡಿಸಿ ಬಹಳ ವರ್ಷಗಳಾಗಿದ್ದವು. ಇನ್ನೊಂದು ಸಲ ಅನ್ನಲಿ ಎಂದು ಆಸೆಯಾಯಿತು. ನಾಚಿಕೆಯೂ ಆಯಿತು. “ತುಂಬಾ ಚೆನ್ನಾಗಿ ಮಾಡಿದ್ರಿ ಮೇಡಂ” ಎಂದು ಎದ್ದುಬಿಟ್ಟ.

ಹಿಂದಿನ ಸಾಲಿನಿಂದ ಒಬ್ಬ ಅಪ್ಪ ಕೈಯೆತ್ತಿದ. “ಸಾರ್, ಗೇಟಿನೆದುರಿಗೇ ಬಾರ್ ಇದೆಯಲ್ಲ. ಅದಕ್ಕೂ ಒಂದು ಕುರ್ಚಿ ಹಾಕಿ ಕೂರಿಸಿ ಮಾತಾಡಬಹುದಿತ್ತು.”

ಈ ಸಲದ ನಗು ಬೇರೆ ಥರದ್ದಾಗಿತ್ತು. ಪ್ರಿನ್ಸಿಪಾಲರು ಮೈಕ್ ಎಳೆದುಕೊಂಡರು. “ಅದು ನಮ್ಮ ಕಾಂಪೌಂಡಿನ ಹೊರಗಿನ ವಿಷಯ. ನಾವು ಒಳಗಿನದ್ದು ನೋಡ್ಕೋಬಹುದು.” ಅವರ ಪಕ್ಕದಲ್ಲೇ ಆಡಳಿತ ಮಂಡಳಿಯ ಸದಸ್ಯರೊಬ್ಬರು ಕೂತಿದ್ದರು, ಆ ಬಾರಿನ ಮಾಲೀಕರು. ಅವರು ಮುಜುಗರಪಡಲಿಲ್ಲ. ಶಿಸ್ತು ಎನ್ನುವುದು ಮನೆಯಿಂದಲೇ ಶುರುವಾಗಬೇಕು, ತಾಯಂದಿರು ಕಣ್ಣಿಟ್ಟಿರಬೇಕು ಎಂದು ಸಮಾರೋಪ ಮಾಡಿದರು. ಚಪ್ಪಾಳೆ ಬಿತ್ತು. ಅವನ ಕೈಯೂ ತಟ್ಟುತ್ತಿತ್ತು.

ಕಾರಿಡಾರಿನಲ್ಲಿ ಪ್ರಿನ್ಸಿಪಾಲರು ಅವನ ಭುಜ ಹಿಡಿದರು. “ಫೋಟೋ ಬಂತಲ್ಲ? ಎಲ್ಲ ಪೋಷಕರೂ ಕಾಣಬೇಕು. ಹೋದ ವರ್ಷದ ಹಾಗೆ ಯಾವನಾದ್ರೂ ಕುಡಿದು ಹಾಸ್ಟೆಲ್ ಟೆರೇಸಿಂದ ಬಿದ್ದು ಸತ್ತ ಅಂದ್ಕೊಳ್ಳಿ, ನಾವು ಮೊದಲೇ ಅಪ್ಪ ಅಮ್ಮಂದಿರಿಗೆ ಹೇಳಿದ್ವಿ ಅಂತ ತೋರಿಸಬಹುದು.”

ಸತ್ತ ಹುಡುಗ ಇವರಿಗೆ ಫೋಟೋ ತೆಗೆಸಲು ಒಂದು ಕಾರಣವಷ್ಟೇ ಆಗಿದ್ದ. ಅವನಿಗೆ ಉರಿದುಹೋಯಿತು. ಇಡೀ ಬೆಳಗು ತಾನು ಕಟ್ಟಿದ್ದು ಮಕ್ಕಳಿಗೆ ತಡೆಗೋಡೆಯಲ್ಲ; ಕಾಲೇಜಿನ ರಕ್ಷಣೆಗೆ ಅಪ್ಪ ಅಮ್ಮಂದಿರನ್ನೇ ನಿಲ್ಲಿಸಿದ ಗೋಡೆ. ಕಲ್ಲು ಬಿದ್ದರೆ ಅವರಿಗೆ ಬೀಳಲಿ.

“ಆ ಬಾರ್ ವಿಷಯ ಸಾರ್... ಒಂದ್ಸಲ ಮಂಡಳಿಯಲ್ಲಿ ಎತ್ತಿದರೆ...”

“ಆಮೇಲೆ ಮಾತಾಡೋಣ ರೀ. ನಾಳೆ ಎರಡನೇ ಬ್ಯಾಚ್ ಇದೆ, ಇದೇ ಥರ ಮಾಡಿ. ಮಗನ ಪಾರ್ಟು ನಿಮ್ಮನ್ನು ಬಿಟ್ಟರೆ ಯಾರಿಗೂ ಬರಲ್ಲ.”

“ಆಯ್ತು ಸಾರ್” ಎಂದ. ಬೆನ್ನು ಬಾಗಿತ್ತು. ಕಣ್ಣು ನೆಲದಲ್ಲಿತ್ತು.

ಹೆಂಡತಿಯ ಫೋನು ಬಂತು.

“ಎಲ್ಲಿದ್ದೀರಿ? ಅವನ ಬಸ್ಸು ಐದೂವರೆಗೆ.”

“ಹೊರಟೆ.”

“ಇವತ್ತಾದ್ರೂ ಹೇಳ್ತೀರಾ, ಇಲ್ಲ ಹಾಗೇ ಕಳಿಸಿಬಿಡ್ತೀರಾ?”

“ಹೇಳ್ತೀನಿ ಅಂದ್ನಲ್ಲ.”

“ಶನಿವಾರದಿಂದ ಹೇಳ್ತಾನೇ ಇದ್ದೀರಿ. ಊರವರ ಮಕ್ಕಳಿಗೆಲ್ಲ ಅಪ್ಪನೂ ನೀವೇ, ಮಗನೂ ನೀವೇ. ಮನೇಲಿರೋನು ಯಾರ ಮಗ?”

ಶನಿವಾರ ಮಗ ಗೆಳೆಯನ ಮನೆಯಿಂದ ಬಂದವನೇ ಬಚ್ಚಲಿಗೆ ನುಗ್ಗಿದ್ದ. ವಾಂತಿಯ ಸದ್ದು ಕೇಳಿಸಿತ್ತು. “ಹೊರಗಿನ ಊಟ ಒಗ್ಗಿಲ್ಲ” ಎಂದಿದ್ದ. ಹೆಂಡತಿ ಬಾಯಿ ಮುಚ್ಚಿಕೊಂಡು ನೀರು ಸುರಿದಿದ್ದಳು. ಅವನು ದಿನಪತ್ರಿಕೆ ಓದುತ್ತಿದ್ದ, ಓದುತ್ತಲೇ ಇದ್ದ. ವಾಸನೆ ಮೂವರಿಗೂ ಗೊತ್ತಾಗಿತ್ತು. ಅಂದಿನಿಂದ ಮನೆಯಲ್ಲಿ ಮೂವರೂ ಹೊಟ್ಟೆಯ ಆರೋಗ್ಯದ ಬಗ್ಗೆ ಮಾತಾಡುತ್ತಿದ್ದರು.

ಮನೆಗೆ ಬಂದಾಗ ಮಗ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದ. ಹೆಂಡತಿ ಹುಬ್ಬೆತ್ತಿ ಸನ್ನೆ ಮಾಡಿದಳು. ಅವನು ಕಾರಿನ ಕಡೆ ಕೈ ತೋರಿಸಿದ: ದಾರಿಯಲ್ಲಿ.

“ಇವನ ಹೊಸ ಕಾಲೇಜಲ್ಲೂ ನಾಳೆ ಪೋಷಕರ ಸಭೆಯಂತೆ” ಎಂದಳು ಅವಳು.

“ಕಡ್ಡಾಯ ಏನಲ್ಲಮ್ಮ” ಎಂದ ಮಗ. “ಅಪ್ಪಂಗೆ ಇಲ್ಲಿ ಸಭೆ ಇದೆ ಅಂತ ಹೇಳಿದೀನಿ.” ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಕಾರಿನಲ್ಲಿ ಮಗ ಇಯರ್‌ಫೋನ್ ಸಿಕ್ಕಿಸಿಕೊಂಡ. ಅವನು ಗಂಟಲು ಸರಿಮಾಡಿಕೊಂಡ.

“ಹೊಸ ಜಾಗ. ಹೊಸ ಸ್ನೇಹಿತರು.”

“ಹೂಂ.”

“ಮೊದಲ ಕೆಲವು ವಾರ ಸ್ವಲ್ಪ ಹಾಗೇ.”

“ಹೂಂ.”

ಮಾತು ಸರಿಯಾದ ದಾರಿಯಲ್ಲೇ ಇತ್ತು. ಈಗ ಹುಡುಗ ‘ನಂಬಿಕೆ ಇಲ್ವಾ’ ಎನ್ನಬೇಕು. ಅದಕ್ಕೆ ಅವನ ಹತ್ತಿರ ಒಳ್ಳೆಯ ಉತ್ತರವಿತ್ತು. ಬೆಳಗ್ಗೆ ಹತ್ತಾರು ಜನಕ್ಕೆ ಕಲಿಸಿದ್ದ. ಕಾದ. ಮಗ ಇಯರ್‌ಫೋನ್ ಕಿತ್ತು ಮಡಿಲಲ್ಲಿಟ್ಟುಕೊಂಡ. ತಾಲೀಮಿನಲ್ಲಿ ಇದಿರಲಿಲ್ಲ.

“ಅಪ್ಪ, ನೀವು ಕಾಲೇಜಲ್ಲಿದ್ದಾಗ ಕುಡೀತಿದ್ರಾ?”

ಸಿಗ್ನಲ್ ಕೆಂಪಾಯಿತು. ಅವನು ಬ್ರೇಕ್ ಒತ್ತಿದ.

“ಎಲ್ಲರೂ ಹಾಗಿರಲ್ಲ” ಎಂದ. ಉತ್ತರ ತಾನಾಗಿಯೇ ಬಂದಿತ್ತು. ಬೆಳಗ್ಗೆ ಅದನ್ನೇ ಯಾವನೋ ಅಪ್ಪನಿಗೆ ಕೊಟ್ಟಿದ್ದ.

ಮಗ ಅವನ ಮುಖ ನೋಡಿದ. ಬೆರಳಿಗೆ ವೈರು ಸುತ್ತಿಕೊಂಡ, ಬಿಚ್ಚಿದ.

“ಅದಲ್ಲ. ಶನಿವಾರ ಆಯ್ತಲ್ಲ... ಊಟ ಅಲ್ಲ ಅದು. ನಿಮಗೂ ಗೊತ್ತು. ಎಷ್ಟು ಕುಡಿದೆ ಅಂತಾನೇ ನಂಗೆ ಗೊತ್ತಾಗಲಿಲ್ಲ. ಎಲ್ಲರೂ ನಿಲ್ಲಿಸಿದ್ರು. ನಂಗೆ ನಿಲ್ಲಿಸೋಕೆ... ಹೆದರಿಕೆ ಆಯ್ತಪ್ಪ, ಅಲ್ಲಿಗೆ ಹೋದ ಮೇಲೆ...”

“ಗೊತ್ತು ಬಿಡು” ಎಂದ ಅವನು.

ಸಿಗ್ನಲ್ ಹಸಿರಾಯಿತು. ಹಿಂದಿನವರೆಲ್ಲ ಹಾರನ್ ಹೊಡೆದರು. ಗೇರ್ ಬದಲಿಸಿದ ಮೇಲೆ, ತಾನು ಏನು ಹೇಳಿದೆ ಎಂಬುದು ಅವನಿಗೆ ಕೇಳಿಸಿತು.

ಸಭೆಯಲ್ಲಾಗಿದ್ದರೆ ಕೈಯೆತ್ತಿ ನಿಲ್ಲಿಸಬಹುದಿತ್ತು. ‘ನೋಡಿ, ಸೋತ್ರಿ’ ಎಂದು ಮೊದಲಿಂದ ಆಡಿಸಬಹುದಿತ್ತು. ಇಲ್ಲಿ ನಿಲ್ಲಿಸುವವರು ಯಾರೂ ಇರಲಿಲ್ಲ. ಮಗ, “ಹೂಂ” ಎಂದ. ಇಯರ್‌ಫೋನ್ ಕಿವಿಗೆ ಹೋಯಿತು.

ಅವನು ಸ್ಟಿಯರಿಂಗಿಗೆ ಅಂಗೈಯಿಂದ ಗುದ್ದಿದ. ಹಾರನ್ ಬಡಿದುಕೊಂಡಿತು. ಮುಂದಿನ ಸ್ಕೂಟರಿನವನು ತಿರುಗಿ ಕೂಗಿದ: “ಏನ್ ಗುರೂ, ಹಾರ್ಕೊಂಡು ಹೋಗ್ಲಾ?”

ಬಸ್ ನಿಲ್ದಾಣದಲ್ಲಿ ಸೂಟ್‌ಕೇಸ್ ಇಳಿಸುವಾಗ ಇನ್ನೊಮ್ಮೆ ಪ್ರಯತ್ನಿಸಿದ.

“ಏನೋ ಹೇಳ್ತಿದ್ಯಲ್ಲ. ಶನಿವಾರದ್ದು.”

“ಏನಿಲ್ಲಪ್ಪ.”

“ಹೇಳು ಪರವಾಗಿಲ್ಲ. ಕೇಳ್ತೀನಿ.”

“ಆಮೇಲೆ ಮಾತಾಡೋಣ. ಲಗೇಜ್ ಹಾಕಬೇಕು.”

ಉತ್ತರ ಎಷ್ಟು ಸರಿಯಾಗಿತ್ತೆಂದರೆ, ಆ ದನಿಯನ್ನು ತಿದ್ದುವುದು ಅವನಿಂದಲೂ ಆಗುತ್ತಿರಲಿಲ್ಲ. ಮಗ ನೀಲಿ ಬಸ್ ಹತ್ತಿದ. ಅವನು ಸುಮ್ಮನೆ ನಿಲ್ಲಲಾರದೆ ನೀರಿನ ಬಾಟಲಿ ತರಲು ಹೋದ. ಮಗ ಕೇಳಿರಲಿಲ್ಲ.

ಅಂಗಡಿಯಲ್ಲಿ ಜನ. ಬಾಟಲಿ ಹಿಡಿದು ಹೊರಬಂದರೆ ನೀಲಿ ಬಸ್ಸು ಹಿಂದಕ್ಕೆ ಸರಿದು ಗೇಟಿನ ಕಡೆ ತಿರುಗುತ್ತಿತ್ತು. ಅವನು ಓಡಿದ. ಕಾಲೇಜಿನ ಯಾರಾದರೂ ನೋಡಿದರೆ ನಗುತ್ತಿದ್ದರು. ಶರ್ಟು ಪ್ಯಾಂಟಿನಿಂದ ಹೊರಬಂದಿತ್ತು, ಚಪ್ಪಲಿ ಜಾರುತ್ತಿತ್ತು. ಬಸ್ಸಿನ ಮೈಗೆ ಬಡಿಯುತ್ತ, ಕಪ್ಪು ಗಾಜುಗಳ ಉದ್ದಕ್ಕೂ ಓಡುತ್ತ ಕೂಗಿದ:

“ಕುಡೀಬೇಡ ಕಣೋ! ಕುಡಿದ್ರೂ ಬಚ್ಚಿಡಬೇಡ! ಹೆದರಿಕೆಯಾದ್ರೆ ಫೋನ್ ಮಾಡು, ಎಷ್ಟೊತ್ತಾದ್ರೂ ಬರ್ತೀನಿ! ಬೈಯಲ್ಲ! ನಂಗೂ ಹೆದರಿಕೆ ಕಣೋ!”

ಒಂದು ತಪ್ಪೂ ಇರಲಿಲ್ಲ. ಇಷ್ಟು ಚೆನ್ನಾಗಿ ಯಾರೂ, ಆ ನರ್ಸ್ ಕೂಡ ಮಾಡಿರಲಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ತರುಣನೊಬ್ಬ ಬಗ್ಗಿ ಅವನ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡ. “ಆಯ್ತು ಅಂಕಲ್, ಕುಡಿಯಲ್ಲ!” ಎಂದು ನಕ್ಕು ಕೈ ಬೀಸಿದ. ಒಳಗೆ ಯಾರೋ ಸಿಳ್ಳೆ ಹೊಡೆದರು. ಬಾಗಿಲು ಮುಚ್ಚಿಕೊಂಡಿತು. ಬಸ್ಸಿನ ಹಿಂಬದಿಯ ಬೋರ್ಡಿನಲ್ಲಿ ಬೇರೆ ಯಾವುದೋ ಊರಿನ ಹೆಸರಿತ್ತು.

ಅವನು ತಿರುಗಿದ.

ಅದೇ ಬಣ್ಣದ ಇನ್ನೊಂದು ಬಸ್ಸು ತನ್ನ ಜಾಗದಲ್ಲೇ ನಿಂತಿತ್ತು. ಮುಂದಿನ ಕಿಟಕಿಯೊಂದರ ಪರದೆ ಸರಿದಿತ್ತು, ಗಾಜಿನ ಹಿಂದೆ ಮಗನ ಮುಖವಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಅವನು ಹತ್ತಿರ ಹೋದ. ತೆರೆಯಲು ಬಾರದ ಗಾಜು, ಹಿಡಿಯಿಲ್ಲ, ಸಂದಿಯಿಲ್ಲ. ಮಗನ ತುಟಿ ಅಲುಗುತ್ತಿತ್ತು. ಉದ್ದಕ್ಕೆ, ಬಿಡದೆ ಅಲುಗುತ್ತಿತ್ತು. ತನಗೇ ಏನೋ ಹೇಳುತ್ತಿದ್ದಾನೋ, ಕಿವಿಯೊಳಗಿನ ಹಾಡಿಗೆ ಬಾಯಿ ಕೂಡಿಸುತ್ತಿದ್ದಾನೋ ತಿಳಿಯಲಿಲ್ಲ. ಅವನು ಗಾಜಿಗೆ ಕಿವಿಯಿಟ್ಟ. ಎಂಜಿನ್ನಿನ ನಡುಕ ಮಾತ್ರ ಹಲ್ಲಿನವರೆಗೆ ಬಂತು.

ಬಸ್ಸು ಹೊರಟಿತು. ಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತ, ಎಲ್ಲ ಅರ್ಥವಾದವನ ಹಾಗೆ, ಅವನು ಆ ತುಟಿಗಳಿಗೆ ತಲೆಯಾಡಿಸುತ್ತ ಹೋದ.