ಅವಸರಪ್ಪನಿಗೆ ಚುಚ್ಚಿದ ಸೂಜಿ

ಬೆಳಿಗ್ಗೆ ಒಂಬತ್ತಕ್ಕೆ ಪ್ರಾಣಿಗಳ ಆಸ್ಪತ್ರೆಯ ಬಾಗಿಲು ತೆರೆದ ಕೂಡಲೇ ಚೀಟಿ ಬರೆಯುವಾಕೆ ಬಂದವರಿಗೆಲ್ಲ ಕೇಳುವ ಪ್ರಶ್ನೆ ಒಂದೇ: "ದೊಡ್ಡ ಡಾಕ್ಟರಿಗೋ, ಚಿಕ್ಕ ಡಾಕ್ಟರಿಗೋ?" ದೊಡ್ಡವರಿಗೆ ಎಂದವರು ಎಡಗಡೆಯ ಬೆಂಚಿಗೆ, ಚಿಕ್ಕವರಿಗೆ ಎಂದವರು ಬಲಗಡೆಯ ಬೆಂಚಿಗೆ. ಎಡಗಡೆ ನಾಯಿ, ಬೆಕ್ಕು, ಅಪರೂಪಕ್ಕೊಂದು ಮೇಕೆ. ಬಲಗಡೆ ಬುಟ್ಟಿ, ಗಾಜಿನ ಪೆಟ್ಟಿಗೆ, ಬಾಯಿ ಕಟ್ಟಿದ ದಿಂಬಿನ ಚೀಲ. ಅವುಗಳೊಳಗೆ ಆಮೆ, ಇಗುವಾನ, ಸಾಕಿದ ಹಾವು. ಎರಡು ವರ್ಷದ ಹಿಂದೆ ಬಲಗಡೆಯ ಬೆಂಚಿನ ಮೇಲೆ ಹಳೇ ಪತ್ರಿಕೆಗಳನ್ನು ಪೇರಿಸಿಡುತ್ತಿದ್ದರು.

ದೊಡ್ಡ ಡಾಕ್ಟರು ತಮ್ಮ ಕೋಣೆಯ ಬಾಗಿಲನ್ನು ಒಂದಿಷ್ಟೇ ತೆರೆದು ತಲೆ ಎಣಿಸುತ್ತಿದ್ದರು. ಇದು ದಿನದ ಚಾಳಿಯಾಗಿಬಿಟ್ಟಿತ್ತು. ಆ ಸೋಮವಾರ ಬಲಗಡೆ ಏಳು ಜನ, ಎಡಗಡೆ ಮೂವರು. ಆ ಮೂವರಲ್ಲೂ ಒಬ್ಬಳು ಬಲಗಡೆ ಜಾಗ ಸಿಗದೆ ಇತ್ತ ಬಂದು ಕೂತವಳು. ಅದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು.

ಚಿಕ್ಕ ಡಾಕ್ಟರು ಹೊರಗಿನವಳಲ್ಲ, ಅವರ ಸ್ವಂತ ಅಕ್ಕನ ಮಗಳು. ಅವಳು ಕಾಲೇಜಿನಲ್ಲಿದ್ದಾಗ ಅವಳ ಕೈಗೆ ಮೊದಲ ಸಿರಿಂಜು ಕೊಟ್ಟು, ನಡುಗುತ್ತಿದ್ದ ಬೆರಳುಗಳನ್ನು ಹಿಡಿದು ತಿದ್ದಿದವರು ಇವರೇ. ಅವಳು ಸರೀಸೃಪಗಳ ಬಗ್ಗೆ ವಿಶೇಷವಾಗಿ ಓದುತ್ತೇನೆ ಎಂದಾಗ, "ಹಲ್ಲಿಗಳಿಗೆ ಮದ್ದು ಕೊಟ್ಟು ಹೊಟ್ಟೆ ತುಂಬುತ್ತಾ?" ಎಂದು ನಕ್ಕವರೂ ಇವರೇ. ಈಗ ಊರಾಚೆಯಿಂದಲೂ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಹೊಟ್ಟೆಕಿಚ್ಚು ಎಂಬ ಮಾತನ್ನು ದೊಡ್ಡ ಡಾಕ್ಟರು ತಮ್ಮ ಮನಸ್ಸಿನೊಳಗೂ ಉಚ್ಚರಿಸಿರಲಿಲ್ಲ. ಆದರೆ ಅದಕ್ಕೆ ಬೇರೆ ಹೆಸರಿಲ್ಲ.

"ನಿಮ್ಮ ಅಕ್ಕನ ಮಗಳೇ ಅಲ್ವೇನ್ರೀ? ಅವಳಿಗೆ ಹೆಸರು ಬಂದ್ರೆ ನಿಮಗೂ ಬಂದ ಹಾಗೇ ತಾನೆ?" ಎಂದು ಹೆಂಡತಿ ಕೇಳಿದ್ದುಂಟು.

"ಬರ್ಲಿ. ಬೇಡ ಅಂದೋರ್ಯಾರು?" ಎಂದು ಅವರು ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದರು. ಅವತ್ತಿನ ಊಟ ಮೈಗೆ ಹತ್ತಲಿಲ್ಲ.

ಆ ಸೋಮವಾರ ಬಲಗಡೆ ಕೂತವರಲ್ಲಿ ಪುಸ್ತಕ ಬೈಂಡಿಂಗ್ ಮಾಡುವವರೂ ಇದ್ದರು. ಅವರ ಆಮೆಗೆ ಇಪ್ಪತ್ತೆರಡು ವರ್ಷ. ಅಂಗಡಿಯಲ್ಲಿ ಕಾಗದದ ಚೂರುಗಳ ನಡುವೆ ಓಡಾಡಿಕೊಂಡಿರುವ ಅದಕ್ಕೆ ಅವಸರಪ್ಪ ಎಂದು ಹೆಸರು. ಹೆಂಡತಿ ತೀರಿಕೊಂಡ ಮೇಲೆ ಅವರು ದಿನವಿಡೀ ಮಾತನಾಡುತ್ತಿದ್ದುದು ಅವಸರಪ್ಪನ ಜೊತೆಗೇ. ನಾಲ್ಕು ವರ್ಷ ಅದನ್ನು ದೊಡ್ಡ ಡಾಕ್ಟರ ಬಳಿಯೇ ತರುತ್ತಿದ್ದರು. ಚಿಪ್ಪು ಮೆತ್ತಗಾಗುತ್ತಿದೆ ಎಂದಾಗಲೆಲ್ಲ ದೊಡ್ಡವರು ಟಾನಿಕ್ ಬರೆದುಕೊಡುತ್ತಿದ್ದರು.

ಚಿಕ್ಕ ಡಾಕ್ಟರು ಆಮೆಗೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟು, ಅಂಗಡಿಯಲ್ಲಿ ಅದರ ಪೆಟ್ಟಿಗೆಯ ಮೇಲೆ ತೂಗುಹಾಕಿರುವ ದೀಪ ಎಷ್ಟು ಹಳೆಯದು ಎಂದು ವಿಚಾರಿಸಿದಳು.

"ಮೂರು ವರ್ಷ ಆಗಿರ್ಬೇಕು. ಚೆನ್ನಾಗೇ ಉರೀತಿದೆಯಲ್ಲಮ್ಮ."

"ಉರಿಯುತ್ತೆ. ಆದ್ರೆ ಚಿಪ್ಪು ಗಟ್ಟಿಯಾಗೋಕೆ ಬೇಕಾದ ಕಿರಣ ಆರೇಳು ತಿಂಗಳಿಗೇ ಮುಗಿದುಹೋಗುತ್ತೆ. ಅದು ಕಣ್ಣಿಗೆ ಕಾಣೋದಿಲ್ಲ. ಹೊಸ ಬಲ್ಬು ಹಾಕಿ, ದಿನಾ ಒಂದರ್ಧ ಗಂಟೆ ಹೊರಗೆ ಬಿಸಿಲಿಗೂ ಬಿಡಿ. ಕಿಟಕಿ ಗಾಜಿನ ಹಿಂದೆ ಅಲ್ಲ, ನಿಜವಾದ ಬಿಸಿಲಿಗೆ. ಬುಧವಾರ ಇವನ ಹಿಕ್ಕೆಯನ್ನೂ ಒಂದು ಡಬ್ಬಿಯಲ್ಲಿ ತನ್ನಿ, ಹುಳ ಇದೆಯಾ ನೋಡೋಣ."

ಹೊರಗೆ ಬಂದ ಬೈಂಡಿಂಗ್‌ನವರು ಚೀಟಿ ಬರೆಯುವಾಕೆಗೆ, "ನಾಲ್ಕು ವರ್ಷ ಇಲ್ಲಿಗೆ ಅಲೆದೆ. ಬಲ್ಬಿನ ವಿಷಯ ಒಬ್ಬರಾದ್ರೂ ಹೇಳಿದ್ರಾ?" ಎಂದರು. ಬಾಗಿಲು ಒಂದಿಷ್ಟೇ ತೆರೆದಿತ್ತಲ್ಲ, ಆ ಮಾತು ನೇರವಾಗಿ ಒಳಗೆ ಹೋಯಿತು.

ಬುಧವಾರ ಬೆಳಿಗ್ಗೆ ಚಿಕ್ಕ ಡಾಕ್ಟರು ಒಂದು ಶಾಲೆಯಲ್ಲಿ ಮಾತನಾಡಲು ಹೋಗಿದ್ದಳು. ಬೈಂಡಿಂಗ್‌ನವರು ಆಮೆಯ ಪೆಟ್ಟಿಗೆ, ಡಬ್ಬಿ ಎರಡನ್ನೂ ಹಿಡಿದುಕೊಂಡು ಬಂದರು.

"ಬನ್ನಿ, ನಾನೇ ನೋಡ್ತೀನಿ," ಎಂದರು ದೊಡ್ಡ ಡಾಕ್ಟರು.

"ಬೇಡ ಸರ್, ನಿಮಗ್ಯಾಕೆ ತೊಂದ್ರೆ? ಅವರೇ ಬಂದು ನೋಡ್ಲಿ. ಇಲ್ಲೇ ಬಿಟ್ಟು ಹೋಗ್ತೀನಿ, ಅಂಗಡಿ ತೆಗೀಬೇಕು." ಬೈಂಡಿಂಗ್‌ನವರು ಪೆಟ್ಟಿಗೆಯನ್ನು ಚಿಕ್ಕ ಡಾಕ್ಟರ ಮೇಜಿನ ಮೇಲಿಟ್ಟು, ಬಟ್ಟೆ ಸರಿಮಾಡಿ, "ಅವಸರಪ್ಪ, ಜಾಣನಾಗಿರು" ಎಂದು ಹೇಳಿ ಹೊರಟರು. ನಿಮಗ್ಯಾಕೆ ತೊಂದರೆ ಎಂಬ ಆ ಮರ್ಯಾದೆಯ ಮಾತು ದೊಡ್ಡ ಡಾಕ್ಟರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವರು ಡಬ್ಬಿಯನ್ನು ತಮ್ಮ ಕೋಣೆಗೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹುಳದ ಮೊಟ್ಟೆಗಳು ಬೇಕಾದಷ್ಟಿದ್ದವು. ಅವರಿಗೆ ಖುಷಿಯೇ ಆಯಿತು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ದನಗಳ, ನಾಯಿಗಳ ಹುಳವನ್ನು ಐವರ್‌ಮೆಕ್ಟಿನ್‌ನಿಂದ ತೊಲಗಿಸಿದ್ದಾರೋ ಲೆಕ್ಕವಿಲ್ಲ. ಅವಳಿಗೊಂದು ಫೋನ್ ಮಾಡಿ ಕೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಹುಳಕ್ಕೆ ಮದ್ದು ಯಾವುದೆಂದು ತಾವು ಅವಳನ್ನು ಕೇಳುವುದೇ? ಆಮೆಯನ್ನು ತೂಗಿ, ಔಷಧಿಯನ್ನು ಅಳೆದು, ಮುಂಗಾಲಿಗೆ ಚುಚ್ಚಿದರು. ಕೇಸ್ ಕಾಗದದ ತುಂಬ ಅವಳದೇ ಅಕ್ಷರ, ಹಾಗಾಗಿ ಅದರಲ್ಲಿ ಬರೆಯಲು ಕೈ ಬರಲಿಲ್ಲ. ಅವಳು ಬಂದ ಮೇಲೆ "ನಿನ್ನ ಆಮೆಯ ಕೆಲಸ ಆಗಲೇ ಮುಗಿಸಿದ್ದೀನಿ" ಎಂದು ಹಗುರವಾಗಿ ಹೇಳಿಬಿಡುವುದೆಂದುಕೊಂಡರು.

ಊಟದ ಹೊತ್ತಿಗೆ ಆ ಕೋಣೆಗೆ ಇಣುಕಿದಾಗ ಅವಸರಪ್ಪನ ಕತ್ತು ಬಟ್ಟೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಮುಟ್ಟಿದರೂ ಒಳಗೆ ಎಳೆದುಕೊಳ್ಳಲಿಲ್ಲ. ಕಾಲೆತ್ತಿ ಬಿಟ್ಟರೆ ಪಟಕ್ಕನೆ ಬೀಳುತ್ತಿತ್ತು. ದೊಡ್ಡ ಡಾಕ್ಟರು ಕಪಾಟಿನಿಂದ ಅವಳ ದಪ್ಪ ಪುಸ್ತಕವನ್ನು ಎಳೆದು ಹುಡುಕಿದರು. ನಾಲ್ಕೇ ಸಾಲು, ದಪ್ಪ ಅಕ್ಷರದಲ್ಲಿದ್ದವು: ಈ ಔಷಧಿಯನ್ನು ಯಾವ ಆಮೆಗೂ ಕೊಡಕೂಡದು. ಮೈಯೆಲ್ಲ ಸೋತು, ಕೊನೆಗೆ ಉಸಿರು ನಿಲ್ಲುತ್ತದೆ. ಪ್ರತಿಮದ್ದಿಲ್ಲ. ಔಷಧಿ ದೇಹದಿಂದ ಇಳಿಯುವವರೆಗೆ ಉಸಿರನ್ನು ನಾವೇ ನಡೆಸಬೇಕು.

ಅಷ್ಟರಲ್ಲಿ ಹೊರಗೆ ಚಿಕ್ಕ ಡಾಕ್ಟರ ದನಿ ಕೇಳಿಸಿತು. ಅವರು ಪುಸ್ತಕವನ್ನು ಇದ್ದಲ್ಲಿಗೆ ತುರುಕಿ ತಮ್ಮ ಕೋಣೆ ಸೇರಿಕೊಂಡರು. ಮೂವತ್ತು ವರ್ಷದ ಡಾಕ್ಟರು, ಕದ್ದು ಸಿಕ್ಕಿಬಿದ್ದವರಂತೆ ಬಾಗಿಲ ಹಿಂದೆ ನಿಂತಿದ್ದರು.

ಎರಡು ಕೋಣೆಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅವಳು ಗಾಬರಿಯಿಂದ ಆಮೆಯನ್ನು ಪರೀಕ್ಷಿಸುವುದು, ಬೈಂಡಿಂಗ್‌ನವರಿಗೆ ಫೋನ್ ಮಾಡುವುದು, ಎಲ್ಲವೂ ಕೇಳಿಸುತ್ತಿತ್ತು. ಅಂಗಡಿ ಪಕ್ಕದ ಬೀದಿಯಲ್ಲೇ, ಹತ್ತು ನಿಮಿಷದಲ್ಲಿ ಬೈಂಡಿಂಗ್‌ನವರು ಅಂಟು ಮೆತ್ತಿದ ಕೈಯಲ್ಲೇ ಓಡಿಬಂದರು.

"ಬೆಳಿಗ್ಗೆ ತಲೆ ಎತ್ತಿ ನೋಡ್ತಿತ್ತಲ್ಲಮ್ಮ! ಏನು ಮಾಡಿದ್ರಿ ಇದಕ್ಕೆ?"

"ಇವತ್ತು ನಾನಿನ್ನೂ ಏನೂ ಕೊಟ್ಟಿಲ್ಲ," ಎಂದಳು ಅವಳು. "ಸೋಮವಾರದ ಇಂಜೆಕ್ಷನ್ನೇ ಜಾಸ್ತಿ ಆಗಿರ್ಬೇಕು. ಅಳತೆ ಸರಿಯಾಗೇ ಇತ್ತು ಅನ್ಸುತ್ತೆ, ಆದ್ರೆ ಬೇರೆ ಕಾರಣ ಕಾಣ್ತಿಲ್ಲ. ತಪ್ಪು ನಂದೇ ಇರ್ಬೇಕು. ಸಲೈನ್ ಕೊಟ್ಟು ಕಾಯೋಣ."

"ತಪ್ಪು ನಂದು ಅಂತೀರಿ, ಕಾಯೋಣ ಅಂತೀರಿ! ನಿಮ್ಮ ಹೆಸರು ಕೇಳ್ಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ. ದೊಡ್ಡವರ ಹತ್ರ ನಾಲ್ಕು ವರ್ಷ ಬಂದೆ, ಒಂದು ದಿನ ಹೀಗಾಗಿರ್ಲಿಲ್ಲ."

ಎರಡು ವರ್ಷದಿಂದ ದೊಡ್ಡ ಡಾಕ್ಟರು ಯಾರ ಬಾಯಿಂದಲಾದರೂ ಕೇಳಲು ಹಂಬಲಿಸಿದ್ದ ಮಾತು ಅದು. ಕೇಳಿದಾಗ ಒಂದು ಕ್ಷಣ, ಒಂದೇ ಕ್ಷಣ, ಮನಸ್ಸಿಗೆ ತಂಪೆನಿಸಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಸಾಕಿತ್ತು. ಕಾಗದದಲ್ಲಿ ಬರೆದಿಲ್ಲ, ಯಾರೂ ನೋಡಿಲ್ಲ. ನಾಳೆಯೇ ಸುದ್ದಿ ಹಬ್ಬಿ ಬಲಗಡೆಯ ಬೆಂಚು ಖಾಲಿಯಾಗುತ್ತಿತ್ತು. ಆದರೆ ಕಾಯುತ್ತ ಕೂತರೆ ಆ ಆಮೆ ಸಂಜೆಯನ್ನು ನೋಡುವುದಿಲ್ಲ ಎಂಬುದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಹಲಗೆಯಾಚೆ ಅವಳು ಮೂಗೆಳೆದುಕೊಂಡ ಸದ್ದು ಕೇಳಿಸಿತು. ಚಿಕ್ಕಂದಿನಲ್ಲಿ ಅಳು ತಡೆದುಕೊಳ್ಳುವಾಗಲೂ ಅವಳು ಹಾಗೆಯೇ ಮಾಡುತ್ತಿದ್ದಳು. ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು.

ಅವರು ಬಾಗಿಲು ತಳ್ಳಿಕೊಂಡು ಅವಳ ಕೋಣೆಗೆ ಬಂದರು. "ಕ್ಯಾಲ್ಸಿಯಂ ಅಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಐವರ್‌ಮೆಕ್ಟಿನ್ ಚುಚ್ಚಿದ್ದೀನಿ."

ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಎಷ್ಟು?"

ಅವರು ಪ್ರಮಾಣ ಹೇಳಿದರು, ತೂಕ ಹೇಳಿದರು. ಅವಳು ಅಷ್ಟರಲ್ಲೇ ಡ್ರಾಯರ್ ಎಳೆದು ಸಣ್ಣ ಕೊಳವೆ ಹುಡುಕುತ್ತಿದ್ದಳು. ಆಮೆಯ ಬಾಯಿ ಬಿಡಿಸಿ, ನಾಲಿಗೆಯ ಹಿಂದಿನ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅದಕ್ಕೊಂದು ಪುಟ್ಟ ರಬ್ಬರ್ ಚೀಲ ಸಿಕ್ಕಿಸಿದಳು.

"ನಿಮಿಷಕ್ಕೆ ನಾಲ್ಕು ಸಲ ಒತ್ತಿ ಸರ್. ಮೆಲ್ಲಗೆ. ನಾಯಿಗೆ ಒತ್ತೋ ಹಾಗೆ ಜೋರಾಗಿ ಒತ್ತಿದ್ರೆ ಇದರ ಶ್ವಾಸಕೋಶ ಹರಿದುಹೋಗುತ್ತೆ."

ಅವರು ಒತ್ತಿದರು. ಅವಳು ಅವರ ಬೆರಳ ಮೇಲೆ ಬೆರಳಿಟ್ಟು, "ಇನ್ನೂ ಮೆಲ್ಲಗೆ. ಹಾಂ, ಇಷ್ಟೇ," ಎಂದು ತಿದ್ದಿದಳು. ಆಮೇಲೆ ಸಲೈನ್ ಸಿದ್ಧಪಡಿಸುತ್ತ, ಮುಖ ನೋಡದೆ ಕೇಳಿದಳು: "ಒಂದು ಫೋನ್ ಮಾಡೋಕಾಗ್ಲಿಲ್ವಾ ಮಾವ?"

ಆಸ್ಪತ್ರೆಯಲ್ಲಿ ಅವಳು ಅವರನ್ನು ಮಾವ ಎಂದದ್ದು ಅದೇ ಮೊದಲು.

"ಆಗ್ತಿತ್ತು. ಮನಸ್ಸು ಬರ್ಲಿಲ್ಲ," ಎಂದರು ಅವರು. "ನಿನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು ಕಣೇ. ನಿನ್ನ ಬೆಂಚಿಗೆ ಎಷ್ಟು ಜನ ಬಂದ್ರು ಅಂತ ದಿನಾ ಎಣಿಸ್ತೀನಿ."

ಅವಳು ಸಲೈನಿನ ಸೂಜಿಯನ್ನು ಸರಿಯಾದ ಜಾಗಕ್ಕೆ ಚುಚ್ಚಿ, ಅದು ಕದಲದಂತೆ ಪಟ್ಟಿ ಅಂಟಿಸಿದಳು.

ಬೈಂಡಿಂಗ್‌ನವರು ಗೋಡೆಗೊರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೊದಲು ಅವಳ ಕಡೆ ತಿರುಗಿ, "ಅಮ್ಮ, ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ," ಎಂದರು. ಆಮೇಲೆ ದೊಡ್ಡ ಡಾಕ್ಟರ ಕಡೆ ನೋಡಿ, "ಉಳಿಯುತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ."

"ಎಷ್ಟು ಹೊತ್ತು ಹೀಗೆ ಒತ್ತಬೇಕು?"

"ಅದೂ ಗೊತ್ತಿಲ್ಲ. ಇವಳನ್ನ ಕೇಳಿ, ಇವಳಿಗೆ ಗೊತ್ತು."

"ತಾನಾಗೇ ಉಸಿರಾಡೋವರೆಗೆ," ಎಂದಳು ಚಿಕ್ಕ ಡಾಕ್ಟರು. "ನಾಳೆ ಆಗ್ಬಹುದು, ಇನ್ನೂ ಎರಡು ದಿನ ಹಿಡೀಬಹುದು. ಸರದಿ ಮೇಲೆ ಒತ್ತೋಣ."

ಬೈಂಡಿಂಗ್‌ನವರು ಸ್ಟೂಲೊಂದನ್ನು ಎಳೆದುಕೊಂಡು ಮೇಜಿನ ಪಕ್ಕ ಕೂತರು. ಚಿಪ್ಪಿನ ಮೇಲೊಂದು ಬೆರಳಿಟ್ಟರು. ಹೊರಗೆ ಬೆಂಚಿನಲ್ಲಿದ್ದವರಿಗೆ ಚೀಟಿ ಬರೆಯುವಾಕೆ ಇವತ್ತು ತಡವಾಗುತ್ತದೆ ಎಂದು ಹೇಳುತ್ತಿದ್ದಳು.

"ಡಾಕ್ಟ್ರೇ, ಇನ್ನು ಮೇಲೆ ಇವನನ್ನ ನಿಮ್ಮ ಕೈಗೆ ಕೊಡೋದಿಲ್ಲ," ಎಂದರು ಬೈಂಡಿಂಗ್‌ನವರು.

"ಕೊಡಬೇಡಿ."

"ಆದ್ರೆ ಈಗ ಕೈ ತೆಗೀಬೇಡಿ."

ದೊಡ್ಡ ಡಾಕ್ಟರು ತಲೆಯಾಡಿಸಿ, ಮೆಲ್ಲಗೆ ಒತ್ತಿದರು.