ಒಂದೂವರೆ ಮಿಲಿ

ಚಿಕ್ಕ ಕಾರು ಇಟ್ಟುಕೊಂಡವರೆಲ್ಲ ಅವನನ್ನು ಪಿಕಪ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಏರು ಕಂಡರೆ ಏದುಸಿರು ಬಿಡುವ ಕಾರನ್ನು ಅವನ ಗ್ಯಾರೇಜಿನಲ್ಲಿ ನಾಲ್ಕು ದಿನ ಬಿಟ್ಟರೆ ಸಾಕು, ಆಮೇಲೆ ಅದನ್ನು ಹಿಡಿಯುವವರಿಲ್ಲ ಎಂಬ ಮಾತಿತ್ತು. ಅದರಲ್ಲಿ ಅರ್ಧ ನಿಜ. ಕಾರ್ಬೊರೇಟರ್ ತೊಳೆದು, ವಾಲ್ವು ಸರಿಮಾಡಿ, ಮಸಿ ಕಟ್ಟಿದ ಸೈಲೆನ್ಸರ್ ಬದಲಾಯಿಸಿದರೆ ಯಾವ ಕಾರಾದರೂ ಚುರುಕಾಗುತ್ತದೆ. ಉಳಿದರ್ಧವನ್ನು ಜನ ತಾವೇ ಸೇರಿಸಿಕೊಂಡಿದ್ದರು. ಅವನೂ ಬೇಡವೆನ್ನಲಿಲ್ಲ.

ಒಂದು ದಿನ ರೇಸಿನ ಹುಚ್ಚಿನ ಗಿರಾಕಿಯೊಬ್ಬ ಬಂದು, ಒಂದು ಲೀಟರಿನ ಸಾದಾ ಎಂಜಿನ್ನಿನಿಂದ ಈಗಿನದರ ಒಂದೂವರೆ ಪಟ್ಟು ಶಕ್ತಿ ತೆಗೆಯಲಾಗುತ್ತದೆಯೇ ಎಂದು ಕೇಳಿದ. ಗುಡ್ಡ ಹತ್ತುವ ಸ್ಪರ್ಧೆಗೆ ಬೇಕಂತೆ. ಸುತ್ತ ನಾಲ್ಕು ಜನ ನಿಂತಿದ್ದರು. ಮೇಸ್ತ್ರಿ ಹಿಂದುಮುಂದು ನೋಡದೆ ಆಗುತ್ತದೆ ಎಂದುಬಿಟ್ಟ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಲೇತಿನವನ ಹತ್ತಿರ ತುಸು ಹೆರೆಸಿದರೆ ಒಳಗಿನ ಜಾಗ ಕಿರಿದಾಗಿ, ಒತ್ತಡ ಹೆಚ್ಚಿ, ಪಿಸ್ಟನ್ನಿಗೆ ಬೀಳುವ ಪೆಟ್ಟು ಜೋರಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎಷ್ಟು ಹೆರೆಸಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಗಿರಾಕಿಯ ಕಾರಿಗೆ ಕೈಹಾಕುವ ಮೊದಲು ಬೇರೆಲ್ಲಾದರೂ ಮಾಡಿ ನೋಡಬೇಕಿತ್ತು.

ಅದೇ ವಾರ ಮಾವನ ಕಾರು ಆಯಿಲ್ ಬದಲಾಯಿಸಲು ಬಂತು. ಅದೂ ಅದೇ ಎಂಜಿನ್.

ಮಾವ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. ಈಗ ಆ ಪುಟ್ಟ ಕಾರಿನಲ್ಲಿ ವಾರಕ್ಕೆರಡು ಸಲ ಅತ್ತೆಯನ್ನು ಮಂಡಿಯ ವ್ಯಾಯಾಮಕ್ಕೆಂದು ಗುಡ್ಡದ ಮೇಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಸರ್ವಿಸ್ ಸ್ವಲ್ಪ ಜಾಸ್ತಿಯಿದೆ, ನಾಲ್ಕು ದಿನ ಬೇಕು ಎಂದು ಅಳಿಯ ಹೇಳಿದಾಗ ಅವರು ಮರುಮಾತಿಲ್ಲದೆ ಒಪ್ಪಿದರು. ಮಗಳ ಗಂಡನ ಕೈಗೆ ಕೊಟ್ಟ ಮೇಲೆ ಕೇಳುವುದೇನಿದೆ?

ಹೆಡ್ಡನ್ನು ಒಂದೂವರೆ ಮಿಲಿಮೀಟರ್ ಹೆರೆಸಿದ. ಅಷ್ಟು ಬೇಡವೇನೋ ಎಂದು ಲೇತಿನವನು ಒಂದು ಸಲ ಹೇಳಿದ, ಇವನು ಕೇಳಲಿಲ್ಲ. ದೊಡ್ಡ ಕಾರ್ಬೊರೇಟರ್ ಕೂಡಿಸಿದ, ಕಿಡಿ ತುಸು ಮುಂಚೆಯೇ ಹೊತ್ತುವಂತೆ ಮಾಡಿದ. ಕಾರು ಬಾಣದ ಹಾಗೆ ಹೊರಟಿತು.

ಮೊದಲ ವಾರ ಮಾವ ಹಿಗ್ಗಿ ಹೀರೇಕಾಯಿಯಾದರು. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಈಗ ಮೂರರಲ್ಲೇ ಹತ್ತುತ್ತೇನೆ, ಅಳಿಯಂದಿರ ಕೈಗುಣ ಅಂದರೆ ಹೀಗೆ, ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಆ ಹೊಗಳಿಕೆ ಮೇಸ್ತ್ರಿಯ ಕಿವಿಗೂ ಬಿತ್ತು, ಹಿತವಾಗಿಯೇ ಬಿತ್ತು.

ಎರಡನೇ ವಾರ ಅವರು ಗ್ಯಾರೇಜಿಗೆ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಅಳಿಯಂದ್ರೆ, ಏರಲ್ಲಿ ಒಂದು ಸದ್ದು ಬರ್ತಿದೆ. ಡಬ್ಬಿಯೊಳಗೆ ಹರಳು ಹಾಕಿ ಅಲ್ಲಾಡಿಸಿದ ಹಾಗೆ."

ಇಬ್ಬರೂ ಕಾರು ಹತ್ತಿ ಗುಡ್ಡದ ದಾರಿ ಹಿಡಿದರು. ಅರ್ಧ ಏರಿನಲ್ಲಿ ಸದ್ದು ಬಂತು. ಪೆಟ್ರೋಲು ಹೊತ್ತಿಗೆ ಮುಂಚೆ ಉರಿದು ಪಿಸ್ಟನ್ನಿನ ನೆತ್ತಿಗೆ ಬಡಿಯುವ ಸದ್ದು. ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಿತು. ಹೌದೆಂದರೆ ಯಾಕೆಂದು ಹೇಳಬೇಕು. ಹೇಳಿದರೆ ಬೀದಿಯಲ್ಲಿ ಹಬ್ಬಿದ ಹೊಗಳಿಕೆಯನ್ನೆಲ್ಲ ಒಂದೊಂದಾಗಿ ವಾಪಸು ಕೊಡಬೇಕು.

"ನಂಗೇನೂ ಕೇಳಿಸ್ತಿಲ್ಲ ಮಾವ," ಎಂದ. "ವಯಸ್ಸಾದ ಮೇಲೆ ಕಿವಿ ಹಾಗೇ. ಇಲ್ಲದ್ದೂ ಕೇಳಿಸುತ್ತೆ."

ಮಾವ ಒಂದು ಗಳಿಗೆ ಕಿವಿಗೊಟ್ಟರು. "ಇರಬಹುದು," ಎಂದರು.

ಸಂಜೆ ಕಾರನ್ನು ತರಿಸಿಕೊಂಡು ಕಿಡಿಯನ್ನಾದರೂ ಮೊದಲಿನ ಹೊತ್ತಿಗೆ ತರೋಣ ಎಂದು ಮೇಸ್ತ್ರಿ ಅಂದುಕೊಂಡ. ಆ ಸಂಜೆ ಬೇರೆ ಕೆಲಸ ಬಂತು. ಮರುದಿನವೂ ಬಂತು. ಮೂರನೇ ದಿನ ಕಾರು ಅದೇ ಏರಿನಲ್ಲಿ, ಅತ್ತೆ ಒಳಗೆ ಕುಳಿತಿರುವಾಗಲೇ, ಬಿಳಿ ಹೊಗೆಯುಗುಳಿ ನಿಂತಿತು. ಹಿಂದೆ ಬಸ್ಸು ಕಾರುಗಳು ಸಾಲುಗಟ್ಟಿ ಹಾರನ್ ಬಾರಿಸಿದವು. ಜೀವಮಾನವಿಡೀ ದಾರಿ ಬಿಟ್ಟುಕೊಟ್ಟ ಮನುಷ್ಯ ಆ ದಿನ ದಾರಿಗೆ ಅಡ್ಡವಾಗಿ ನಿಂತು ಎಲ್ಲರಿಗೂ ಕೈಮುಗಿದರಂತೆ. ಇದನ್ನು ಅತ್ತೆ ಆಮೇಲೆ ಹೇಳಿದರು.

ಎಳೆದು ತಂದ ಕಾರಿನ ಎಂಜಿನ್ ಬಿಚ್ಚುವಾಗ ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು, ರೇಸಿನವನೂ ಇದ್ದ. ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು. ಒಂದು ಪಿಸ್ಟನ್ನಿನ ನೆತ್ತಿ ಇಲಿ ಕಡಿದ ಬೆಲ್ಲದ ಅಚ್ಚಿನ ಹಾಗಿತ್ತು. ಮಾವ ಬಗ್ಗಿ ನೋಡಿ, ಮೆಲ್ಲಗೆ ಕೇಳಿದರು: "ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲಿತ್ತು.

"ಏರಲ್ಲಿ ಗೇರ್ ಇಳಿಸೋದು ತಡವಾಗಿರ್ಬೇಕು ಮಾವ," ಎಂದ. "ಭಾರ ಬಿದ್ದಿದೆ."

ಮಾವ ತಲೆಯಾಡಿಸಿದರು. ಜೇಬಿನಿಂದ ಕಾರಿನ ಕೀಲಿ ತೆಗೆದು, ಎಣ್ಣೆ ಮೆತ್ತಿದ ಮೇಜಿನ ಮೇಲಿಟ್ಟು, ನಡೆದೇ ಮನೆಗೆ ಹೋದರು.

ಅಂದಿನಿಂದ ಅವರು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಅತ್ತೆಯನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮಂಡಿನೋವಿನ ಹೆಂಗಸು ಬಸ್ಸಿನ ಎತ್ತರದ ಮೆಟ್ಟಿಲನ್ನು ಎರಡೂ ಕೈಯಿಂದ ಕಂಬಿ ಹಿಡಿದು ಹತ್ತುವುದನ್ನು ಮೇಸ್ತ್ರಿ ಒಮ್ಮೆ ರಸ್ತೆಯ ಆಚೆಯಿಂದ ಕಂಡ. ಓಡಿಹೋಗಿ ಕೈ ಆಸರೆ ಕೊಡಬೇಕೆನಿಸಿದರೂ ಹೋಗಲಿಲ್ಲ. ಹತ್ತಿರದ ಅಂಗಡಿಯ ಮರೆಗೆ ಸರಿದು ನಿಂತ. ಬಸ್ಸು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದ. ಮನೆಯಲ್ಲಿ ಹೆಂಡತಿ ಅಪ್ಪನ ಮಾತೆತ್ತಿದರೆ ಊಟದ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

ತಿಂಗಳಾದ ಮೇಲೆ ಒಂದು ಭಾನುವಾರ ಮಾವನೇ ಮನೆಗೆ ಬಂದರು. ಕೈಯಲ್ಲಿ ಆಸ್ಪತ್ರೆಯ ಚೀಟಿಯಿತ್ತು.

"ಕಿವಿ ತೋರಿಸ್ಕೊಂಡು ಬಂದೆ," ಎಂದರು. "ಹದಿನೆಂಟರ ಹುಡುಗನ ಕಿವಿ ಇದ್ದ ಹಾಗಿದೆ ಅಂದ್ರು ಡಾಕ್ಟ್ರು." ನಗಲಿಲ್ಲ. "ಕಿವಿ ಸರಿಯಿದ್ದೂ ಇಲ್ಲದ ಸದ್ದು ಕೇಳಿಸ್ತು ಅಂದ್ರೆ ತಲೇಲೇ ಏನೋ ಆಗಿದೆ. ಅದನ್ನ ಯಾರಿಗೆ ತೋರಿಸ್ಬೇಕು, ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ? ಮಗಳಿಗೆ ಹೇಳ್ಬೇಡಿ, ಹೆದರ್ತಾಳೆ."

ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಸದ್ದು ಇತ್ತು ಮಾವ," ಎಂದ. "ನಂಗೂ ಕೇಳಿಸಿತ್ತು."

ಒಮ್ಮೆ ಬಾಯಿಬಿಟ್ಟ ಮೇಲೆ ಎಲ್ಲವನ್ನೂ ಹೇಳಿದ. ಹೆಂಡತಿ ಒಳಗೆ ಹೋದಳು. ಮಾವ ಕೂತಲ್ಲಿಂದ ಎದ್ದು, ಆ ಹೆಡ್ಡನ್ನು ನೋಡಬೇಕೆಂದರು. ಗ್ಯಾರೇಜಿನ ಬಾಗಿಲು ತೆರೆದು, ಹೆರೆಸಿದ ಹೆಡ್ಡನ್ನೂ ಹೆರೆಸದ ಇನ್ನೊಂದನ್ನೂ ಪಕ್ಕಪಕ್ಕ ಇಟ್ಟುಕೊಟ್ಟ. ಅವರು ಎರಡರ ಅಂಚಿನ ಮೇಲೂ ಹೆಬ್ಬೆರಳು ಆಡಿಸಿದರು.

"ಎಷ್ಟು?"

"ಒಂದೂವರೆ ಮಿಲಿ."

ಮಾವ ಬೆರಳು ಒರೆಸಿಕೊಂಡರು. "ಎಂಜಿನ್ ಹೋದ್ರೆ ಇನ್ನೊಂದು ಹಾಕ್ಬಹುದು. ಕೇಳಿದ್ರೆ ಕೊಡ್ತಿದ್ದೆ, ಆಟ ಆಡಿ ನೋಡಿ ಅಂತ. ಆದ್ರೆ ನನ್ನ ಕಿವೀನ, ಕೈನ ನಾನೇ ನಂಬದ ಹಾಗೆ ಮಾಡಿದ್ರಲ್ಲ ನೀವು."

ಆಗಲೂ ಬಹುವಚನ ಬಿಡಲಿಲ್ಲ. ಬೈದಿದ್ದರೆ, ಏಕವಚನದಲ್ಲಿ ಉಗಿದಿದ್ದರೆ ಮೇಸ್ತ್ರಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

ರೇಸಿನ ಗಿರಾಕಿಗೆ ಅವನು ನನ್ನಿಂದಾಗದು ಎಂದು ಹೇಳಿ ಕಳಿಸಿದ. ಎಂಜಿನ್ ಬಿಚ್ಚಿದ ದಿನ ಅಲ್ಲಿ ನಿಂತಿದ್ದವರ ಮುಂದೆ, ತಪ್ಪು ಮಾವನದಲ್ಲ, ನನ್ನದು ಎಂದ. ಅವರಲ್ಲಿ ಇಬ್ಬರು ಆಮೇಲೆ ಬೇರೆ ಗ್ಯಾರೇಜಿಗೆ ಹೋದರು. ಮೂರು ವಾರ ಕೂತು ಎಂಜಿನ್ನನ್ನು ಮೊದಲು ಇದ್ದ ಹಾಗೇ ಕಟ್ಟಿದ, ಹಳೆಯ ಚಿಕ್ಕ ಕಾರ್ಬೊರೇಟರನ್ನೇ ಕೂಡಿಸಿದ.

ಕಾರು ಒಯ್ದು ಕೊಟ್ಟ ದಿನ ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತು, ಬಸ್ಸಿನ ಸಹವಾಸ ಸಾಕಾಯಿತು, ನಡೆಯಿರಿ ಎಂದರು. ಮಾವ ಸ್ಟೀರಿಂಗ್ ಹಿಡಿದರು. ಮೇಸ್ತ್ರಿ ಪಕ್ಕದಲ್ಲಿ ಕುಳಿತ. ಗುಡ್ಡದ ಏರು ಶುರುವಾಯಿತು. ಎಂಜಿನ್ ಸಣ್ಣ ದನಿಯಲ್ಲಿ, ಒಂದೇ ಸಮ ಹಾಡುತ್ತಿತ್ತು. ಅರ್ಧ ಏರಿನಲ್ಲಿ ಮಾವ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು.

"ಏನಾದ್ರೂ ಕೇಳಿಸ್ತಾ ನಿಮಗೆ?"

"ಇಲ್ಲ ಮಾವ. ಸರಿಯಿದೆ."

ಅವರು ತಲೆಯಾಡಿಸಿದರು. ಆದರೆ ಗೇರಿಗೆ ಕೈ ಹೋಗಲಿಲ್ಲ. ಹಿಂದಕ್ಕೆ ತಿರುಗಿ, ಎಂಜಿನ್ನಿನ ತಲೆಬುಡ ಗೊತ್ತಿಲ್ಲದ ಹೆಂಡತಿಯನ್ನು ಕೇಳಿದರು: "ನಿಂಗೆ?"

ಅತ್ತೆ ಇಲ್ಲವೆಂದರು. ಆಮೇಲೆಯೇ ಮಾವ ಮೊದಲ ಗೇರು ಹಾಕಿದ್ದು. ಮೇಸ್ತ್ರಿ ತನ್ನ ಮಂಡಿಯ ಮೇಲಿನ ಕೈಗಳನ್ನೇ ನೋಡುತ್ತ ಕುಳಿತ.